ರಕ್ತದ ಒಂದೇ ಪರೀಕ್ಷೆಯಿಂದ ಹಲವು ಕ್ಯಾನ್ಸರ್‌ಗಳ ಪತ್ತೆ: ಎಷ್ಟು ನಂಬಬಹುದು?

ಪ್ರಶ್ನೆ:
ಐವತ್ತು ದಾಟಿದ ನಾನು ಗ್ಯಾಲೆರಿ ಎಂಬ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕೆಂದು ಅಮೆರಿಕದಲ್ಲಿರುವ ನನ್ನ ಅಣ್ಣ ಒತ್ತಾಯಿಸುತ್ತಿದ್ದಾರೆ. ಯಾವ ತೊಂದರೆಯೂ ಕಾಣಿಸಿಕೊಳ್ಳದವರಲ್ಲಿ ಇದು ಕ್ಯಾನ್ಸರನ್ನು ಆರಂಭದಲ್ಲೇ ಹಿಡಿಯುತ್ತದೆಯೇ? ಸುಳಿವಿಲ್ಲವೆಂದು ವರದಿ ಬಂದರೆ ಮ್ಯಾಮೊಗ್ರಾಮ್ (ಸ್ತನದ ಎಕ್ಸ್-ರೇ ತಪಾಸಣೆ) ಬಿಡಬಹುದೇ?

ಉತ್ತರ 1:
ಗಡ್ಡೆಯ ಜೀವಕೋಶಗಳು ಸಾಯುವಾಗ ಅವುಗಳ ಡಿಎನ್‌ಎ ತುಣುಕುಗಳು ರಕ್ತಕ್ಕೆ ಸೇರುತ್ತವೆ. ಆ ತುಣುಕುಗಳಿಗೆ ಅಂಟಿಕೊಂಡಿರುವ ಮೀಥೈಲ್ ಎಂಬ ಸಣ್ಣ ರಾಸಾಯನಿಕ ಗುರುತುಗಳನ್ನು ಓದಿ, ಕ್ಯಾನ್ಸರಿನ ಸುಳಿವಿದೆಯೇ, ಇದ್ದರೆ ಅದು ಯಾವ ಅಂಗದ್ದಿರಬಹುದು ಎಂದು ಈ ಪರೀಕ್ಷೆ ಅಂದಾಜಿಸುತ್ತದೆ. ಆದರೆ ಗಡ್ಡೆ ಚಿಕ್ಕದಾಗಿದ್ದಾಗ ರಕ್ತದಲ್ಲಿ ಸಿಗುವ ಡಿಎನ್‌ಎ ತೀರಾ ಅಲ್ಪ. 2021ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ನಾಲ್ಕನೇ ಹಂತದ ಕ್ಯಾನ್ಸರ್‌ಗಳಲ್ಲಿ ಶೇ. 90ರಷ್ಟು ಪತ್ತೆಯಾದರೆ, ಮೊದಲ ಹಂತದವುಗಳಲ್ಲಿ ಪತ್ತೆಯಾದದ್ದು ಸುಮಾರು ಶೇ. 17 ಮಾತ್ರ. ನಮಗೆ ಬೇಕಿರುವುದು ಮೊದಲ ಹಂತವೇ ಅಲ್ಲವೇ?

ಉತ್ತರ 2:
ಸುಳ್ಳು ಸುಳಿವಿನ ಕಷ್ಟವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. 2023ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಪಾತ್‌ಫೈಂಡರ್ ಅಧ್ಯಯನದಲ್ಲಿ 6,621 ಮಂದಿಯ ಪೈಕಿ 92 ಜನರಿಗೆ ಸುಳಿವು ಸಿಕ್ಕಿತು. ಅವರಲ್ಲಿ ಕ್ಯಾನ್ಸರ್ ಇದ್ದದ್ದು 35 ಜನರಿಗೆ. ಉಳಿದ 57 ಮಂದಿ ಸ್ಕ್ಯಾನ್ ಮತ್ತಿತರ ತಪಾಸಣೆಗಳ ನಡುವೆ ತಿಂಗಳುಗಟ್ಟಲೆ ಆತಂಕದಲ್ಲಿ ಕಾಯಬೇಕಾಯಿತು ಎಂದರೆ ಅತಿಶಯೋಕ್ತಿಯಲ್ಲ. ಹಾಗೆಂದು ಪರೀಕ್ಷೆಯೇ ನಿಷ್ಪ್ರಯೋಜಕವೆಂದು ನಾನು ಹೇಳಲಾರೆ: ಮೇದೋಜ್ಜೀರಕ ಗ್ರಂಥಿ, ಅಂಡಾಶಯ ಮೊದಲಾದವುಗಳ ಕ್ಯಾನ್ಸರಿಗೆ ಜನಸಾಮಾನ್ಯರಿಗೆ ಅನ್ವಯಿಸುವ ಬೇರೆ ತಪಾಸಣೆಯೇ ಇಲ್ಲ.

ಉತ್ತರ 3:
ಮ್ಯಾಮೊಗ್ರಾಮ್ ಖಂಡಿತ ಬಿಡಬೇಡಿ. ತಯಾರಕರಾದ ಗ್ರೇಲ್ ಕಂಪನಿಯೇ ಇದನ್ನು ರೂಢಿಯ ತಪಾಸಣೆಗಳ ಜೊತೆಗೆ ಬಳಸಬೇಕೆನ್ನುತ್ತದೆ, ಬದಲಿಗೆ ಅಲ್ಲ. ನಮ್ಮಲ್ಲಿ ಹೆಚ್ಚಾಗಿರುವ ಬಾಯಿ, ಗರ್ಭಕಂಠ ಮತ್ತು ಸ್ತನದ ಕ್ಯಾನ್ಸರ್‌ಗಳಿಗೆ ಮೂವತ್ತು ದಾಟಿದವರಿಗಾಗಿ ಸರ್ಕಾರಿ ತಪಾಸಣೆಯೂ ಇದೆ; ದುಬಾರಿ ರಕ್ತಪರೀಕ್ಷೆಗೆ ಮುನ್ನ ಅದನ್ನು ಮುಗಿಸಿಕೊಳ್ಳಿ.