ಕೊಲೆಸ್ಟ್ರಾಲ್ ಹೆಚ್ಚಿಸಿದ ಇಲಿಗಳಿಗೆ ವಿಟಮಿನ್ ಇ: ಈ ಫಲಿತಾಂಶ ನನಗೆ ಅನ್ವಯಿಸುತ್ತದೆಯೇ?

ಶ್ರೀಧರ:
ನನಗೆ ಕೊಲೆಸ್ಟ್ರಾಲ್ ಹೆಚ್ಚಿದೆ. ಮಗುವಿಗಾಗಿ ಕಾಯುತ್ತಿದ್ದೇವೆ. ವೀರ್ಯ ಪರೀಕ್ಷೆಯಲ್ಲಿ ವೀರ್ಯಾಣುಗಳ ಚಲನೆ ಕಡಿಮೆ ಎಂದು ಬಂದಿದೆ. ಕೊಲೆಸ್ಟ್ರಾಲ್ ಬೆರೆಸಿದ ಆಹಾರ ತಿಂದ ಇಲಿಗಳಿಗೆ ವಿಟಮಿನ್ ಇ ಕೊಟ್ಟಾಗ ಚಲನೆ ಸುಧಾರಿಸಿತೆಂದು ಓದಿದೆ. ಗಂಡು ಹಾರ್ಮೋನ್ ಟೆಸ್ಟೋಸ್ಟೆರಾನ್ ತಯಾರಾಗುವುದೇ ಕೊಲೆಸ್ಟ್ರಾಲಿನಿಂದ ಅಲ್ಲವೇ, ಹೆಚ್ಚಾದರೆ ತೊಂದರೆ ಏಕೆ? ನಾನೂ ಮಾತ್ರೆ ಶುರು ಮಾಡಲೇ?

ವಸುಧಾ:
ಶ್ರೀಧರ ಅವರೇ, ಗಂಡು ಇಲಿಗಳ ಸಂತಾನಶಕ್ತಿಯ ಪ್ರಯೋಗಗಳಲ್ಲಿ ಕೆಲಸ ಮಾಡಿದವಳು ನಾನು. ಟೆಸ್ಟೋಸ್ಟೆರಾನಿಗೆ ಕೊಲೆಸ್ಟ್ರಾಲ್ ಕಚ್ಚಾವಸ್ತು ಎಂಬುದು ನಿಜ. ಆದರೆ ವೃಷಣದಲ್ಲಿ ಈ ಹಾರ್ಮೋನ್ ತಯಾರಿಸುವ ಲೇಡಿಗ್ ಕೋಶದ ಮೈಟೊಕಾಂಡ್ರಿಯದೊಳಕ್ಕೆ (ಕೋಶಕ್ಕೆ ಶಕ್ತಿ ಒದಗಿಸುವ ಭಾಗ) ಅದನ್ನು ಸಾಗಿಸುವ ಹಂತದಲ್ಲೇ ಉತ್ಪಾದನೆಯ ವೇಗ ನಿರ್ಧಾರವಾಗುತ್ತದೆ. ರಕ್ತದಲ್ಲಿ ತುಂಬಿ ತುಳುಕಿದರೂ ಹಾರ್ಮೋನ್ ಹೆಚ್ಚುವುದಿಲ್ಲ. ಪೆಟ್ಟು ಬೀಳುವುದು ವೀರ್ಯಾಣುವಿನ ಪೊರೆಗೆ. ಅದರಲ್ಲಿ ಸುಲಭವಾಗಿ ಆಕ್ಸಿಡೀಕರಣಗೊಳ್ಳುವ ಕೊಬ್ಬಿನಾಮ್ಲಗಳು ಹೇರಳ. ಬೆಳೆಯುತ್ತಾ ಕೋಶದ್ರವವನ್ನು ಬಹುಪಾಲು ಕಳೆದುಕೊಳ್ಳುವ ವೀರ್ಯಾಣುವಿಗೆ ರಕ್ಷಣೆಯ ಕಿಣ್ವಗಳೂ ಕಡಿಮೆ. ವಿಟಮಿನ್ ಇ ಪೊರೆಯಲ್ಲೇ ನೆಲೆಸಿ ಆ ಹಾನಿಯ ಸರಪಳಿಯನ್ನು ಕಡಿಯುತ್ತದೆ. ಹಾಗಾಗಿ ನೀವು ಓದಿದ ಫಲಿತಾಂಶ ಅಸಂಭವವೇನಲ್ಲ. 1922ರಲ್ಲಿ ಈ ವಿಟಮಿನ್ ಪತ್ತೆಯಾದದ್ದೇ ಇಲಿಗಳ ಸಂತಾನೋತ್ಪತ್ತಿಯ ಅಧ್ಯಯನದಿಂದ.

ಆದರೂ ಇಂಥ ವರದಿ ಕೈಗೆ ಬಂದಾಗ ನಾನು ಮೊದಲು ನೋಡುವುದು ಆಹಾರದ ಪಟ್ಟಿಯನ್ನು. ಮೊಲದಲ್ಲಿ ಕೊಲೆಸ್ಟ್ರಾಲ್ ಬೇಗ ಏರುತ್ತದೆ, ಇಲಿಯಲ್ಲಿ ಸುಲಭವಾಗಿ ಏರುವುದಿಲ್ಲ. ಅದಕ್ಕೇ ಆಹಾರಕ್ಕೆ ಅನೇಕ ವೇಳೆ ಕೋಲಿಕ್ ಆಮ್ಲ ಎಂಬ ಪಿತ್ತಾಮ್ಲವನ್ನು ಬೆರೆಸುತ್ತಾರೆ. ಅದು ಯಕೃತ್ತಿನ ಮೇಲೂ ಪರಿಣಾಮ ಬೀರುವುದರಿಂದ, ಆ ಆಮ್ಲವನ್ನಷ್ಟೇ ತಿಂದ ಗುಂಪೊಂದು ಹೋಲಿಕೆಗೆ ಇರಬೇಕು. ಆಮೇಲೆ ಅವಧಿ. ಇಲಿಯಲ್ಲಿ ವೀರ್ಯಾಣು ರೂಪುಗೊಳ್ಳಲು ಸುಮಾರು 52 ದಿನ ಬೇಕು, ಅದು ಪಕ್ವವಾಗುವ ಎಪಿಡಿಡಿಮಿಸ್ ಎಂಬ ನಾಳವನ್ನು ದಾಟಲು ಮತ್ತೊಂದು ವಾರಕ್ಕೂ ಹೆಚ್ಚು. ನಾಲ್ಕೇ ವಾರದ ಪ್ರಯೋಗ ಕೊನೆಯ ಹಂತಗಳನ್ನಷ್ಟೇ ತೋರಿಸುತ್ತದೆ.

ಹೆಣ್ಣಿನೊಂದಿಗೆ ಕೂಡಿಸಿ ಮರಿಗಳನ್ನು ಎಣಿಸದೆ 'ಸಂತಾನಶಕ್ತಿ ಮರಳಿತು' ಎಂದು ಬರೆದುಬಿಡುವುದನ್ನು ಕಂಡಾಗ ನನಗೆ ಸಿಟ್ಟು ಬರುತ್ತದೆ. ಇಲಿಯಲ್ಲಿ ವೀರ್ಯಾಣುಗಳ ದಾಸ್ತಾನು ಎಷ್ಟಿರುತ್ತದೆಂದರೆ, ಸಂಖ್ಯೆ ಬಹಳ ಇಳಿದರೂ ಮರಿಗಳಾಗುತ್ತವೆ. ಮನುಷ್ಯನಿಗೆ ಆ ಅನುಕೂಲವಿಲ್ಲ.

ನಾಗವೇಣಿ:
ಹಾಗಾದರೆ ಸತು, ಫೋಲಿಕ್ ಆಮ್ಲದ ಮಾತ್ರೆಗಳು? ಎಲ್ಲರೂ ಅದನ್ನೇ ಹೇಳುತ್ತಾರೆ.

ವಸುಧಾ:
ಅದನ್ನು ಮನುಷ್ಯರಲ್ಲೇ ಪರೀಕ್ಷಿಸಿದ್ದಾರೆ. 2020ರಲ್ಲಿ ಪ್ರಕಟವಾದ, 2,300ಕ್ಕೂ ಹೆಚ್ಚು ದಂಪತಿಗಳ ಅಧ್ಯಯನದಲ್ಲಿ ಪುರುಷರಿಗೆ ಇವೆರಡನ್ನೂ ಒಟ್ಟಿಗೆ ಕೊಟ್ಟರೂ ಜೀವಂತ ಶಿಶುಜನನ ಹೆಚ್ಚಲಿಲ್ಲ. ಸೆಲೆನಿಯಂ ಎಂಬ ಖನಿಜದ ವಿಷಯದಲ್ಲಂತೂ ಎಚ್ಚರ ಬೇಕು. ವೀರ್ಯಾಣುವಿಗೆ ಅದು ಅಗತ್ಯ, ಮಿತಿ ಮೀರಿದರೆ ವಿಷ.

ಶ್ರೀಧರ:
ಕೊಲೆಸ್ಟ್ರಾಲಿಗೆ ಸ್ಟ್ಯಾಟಿನ್ ತೆಗೆದುಕೊಳ್ಳುತ್ತಿದ್ದೇನೆ. ನಿಲ್ಲಿಸಬೇಕೇ?

ವಸುಧಾ:
ದಯವಿಟ್ಟು ನೀವಾಗಿಯೇ ನಿಲ್ಲಿಸಬೇಡಿ, ವೈದ್ಯರನ್ನು ಕೇಳಿ. ರಕ್ತ ತೆಳುಗೊಳಿಸುವ ಔಷಧವೇನಾದರೂ ಇದ್ದರೆ ಅದನ್ನೂ ತಿಳಿಸಿ. ಹೆಚ್ಚಿನ ಪ್ರಮಾಣದ ವಿಟಮಿನ್ ಇ ಜೊತೆ ಸೇರಿದರೆ ರಕ್ತಸ್ರಾವದ ಅಪಾಯವಿದೆ. ವೃಷಣದ ರಕ್ತನಾಳ ಉಬ್ಬಿದೆಯೇ ಎಂದು ಪರೀಕ್ಷಿಸಿಕೊಳ್ಳಿ. ಹಾಗಿದ್ದರೆ ಅದಕ್ಕೆ ಚಿಕಿತ್ಸೆ ಇದೆ. ವೀರ್ಯ ಪರೀಕ್ಷೆಯನ್ನೂ ಮತ್ತೊಮ್ಮೆ ಮಾಡಿಸಿ. ಮನುಷ್ಯನಲ್ಲಿ ವೀರ್ಯಾಣು ರೂಪುಗೊಳ್ಳಲು ಎರಡು ತಿಂಗಳಿಗೂ ಹೆಚ್ಚು ಬೇಕಾಗುವುದರಿಂದ, ಊಟದಲ್ಲೋ ವ್ಯಾಯಾಮದಲ್ಲೋ ಈಗ ಮಾಡಿದ ಬದಲಾವಣೆ ಮೂರು ತಿಂಗಳ ನಂತರದ ವರದಿಯಲ್ಲಿ ಕಾಣಬಹುದು.