ಡೇಟಾಬೇಸ್ ಪಾರ್ಟಿಷನ್‌ಗೆ ಫಿಸಿಕಲ್ ಕಾರ್ಡೇ ಬೇಕಾ, ವರ್ಚುವಲ್ ಸಾಕಾ?

ಪ್ರಶ್ನೆ: ನಮಸ್ಕಾರ. ನಾನು ಎಐಎಕ್ಸ್ (ಐಬಿಎಂನ ಯುನಿಕ್ಸ್ ಆಪರೇಟಿಂಗ್ ಸಿಸ್ಟಂ) ಕೆಲಸಕ್ಕೆ ಬಂದು ಒಂದೂವರೆ ವರ್ಷ ಆಯ್ತು. ನಮ್ಮ ಹಳೆಯ ಐಬಿಎಂ ಪವರ್ ಸರ್ವರ್‌ನಲ್ಲಿ ಆರು ಪಾರ್ಟಿಷನ್, ಅಂದ್ರೆ ಒಂದೇ ಮಷಿನ್ ಒಳಗೆ ಬೇರೆ ಬೇರೆ ಸರ್ವರ್ ಥರ ಓಡುವ ಭಾಗಗಳು ಇವೆ. ಡೇಟಾಬೇಸ್ ಇರುವ ಪಾರ್ಟಿಷನ್‌ಗೆ ಸ್ಟೋರೇಜ್‌ಗೆ ಜೋಡಿಸುವ ಎರಡು ಫೈಬರ್ ಚಾನೆಲ್ ಕಾರ್ಡ್ ನೇರವಾಗಿ ಕೊಟ್ಟಿದ್ದಾರೆ. ಟೆಸ್ಟ್ ಪಾರ್ಟಿಷನ್‌ಗಳು ಮಾತ್ರ ಕಾರ್ಡ್‌ಗಳನ್ನು ತಾನಿಟ್ಟುಕೊಂಡು ಉಳಿದವಕ್ಕೆ ಹಂಚುವ ವರ್ಚುವಲ್ ಐಒ ಸರ್ವರ್, ಅಂದ್ರೆ ವಿಐಒಎಸ್ ಮೂಲಕ ಡಿಸ್ಕ್ ಪಡೆಯುತ್ತವೆ. ಈಗ ಹೊಸ ಸರ್ವರ್ ಬರುತ್ತಿದೆ. ಎಲ್ಲವನ್ನೂ ವರ್ಚುವಲ್ ಮಾಡಿ ಅಂತ ಮ್ಯಾನೇಜರ್ ಹೇಳುತ್ತಿದ್ದಾರೆ. ಮಾಡಿದರೆ ನಿಧಾನ ಆಗುತ್ತೆ, ನಾನು ಸಹಿ ಹಾಕಲ್ಲ ಅಂತ ಡಿಬಿಎ (ಡೇಟಾಬೇಸ್ ನೋಡಿಕೊಳ್ಳುವವರು). ನಡುವೆ ನಾನು. ಇನ್ನೊಂದು ಸಣ್ಣ ಅನುಮಾನ: ಎರಡೂ ಕಡೆ ಕಾರ್ಡ್ ಹೆಸರು ಎಫ್‌ಸಿಎಸ್0 ಅಂತಲೇ ಇದೆ. ಯಾವುದು ನಿಜವಾದ ಕಾರ್ಡ್ ಅಂತ ಗೊತ್ತಾಗುವುದು ಹೇಗೆ?

ಉತ್ತರ: ಮೊದಲು ಸಣ್ಣದನ್ನು ಮುಗಿಸೋಣ. ಎಲ್‌ಎಸ್‌ಸಿಎಫ್‌ಜಿ ಕಮಾಂಡ್ ಕೊಟ್ಟು ಆ ಕಾರ್ಡ್‌ನ ಲೊಕೇಶನ್ ಕೋಡ್ ನೋಡಿ. ಮಷಿನ್‌ನ ಸೀರಿಯಲ್ ನಂಬರ್ ಆದ ಮೇಲೆ ‘ಪಿ1-ಸಿ7-ಟಿ1’ ಥರ ಇದ್ದರೆ ಅದು ನಿಜವಾದ ಸ್ಲಾಟ್‌ನಲ್ಲಿ ಕೂತಿರುವ ಕಾರ್ಡ್. ‘ವಿ3-ಸಿ12’ ಥರ ಇದ್ದರೆ ವರ್ಚುವಲ್. ವಿ ಪಕ್ಕದ ಅಂಕಿ ಪಾರ್ಟಿಷನ್ ಐಡಿ, ಸಿ ಪಕ್ಕದ್ದು ವರ್ಚುವಲ್ ಸ್ಲಾಟ್ ನಂಬರ್. ಹೆಸರು ನಂಬಬೇಡಿ, ಕೋಡ್ ನಂಬಿ.

ಈಗ ದೊಡ್ಡದು. ನಿಮ್ಮ ಡಿಬಿಎ ಹೆದರುವುದರಲ್ಲಿ ತಪ್ಪೇನಿಲ್ಲ. ಆದರೆ ಅವರು ‘ವರ್ಚುವಲ್’ ಅಂತ ಒಂದೇ ಹೆಸರಿನಲ್ಲಿ ಕರೆಯುತ್ತಿರುವುದು ಎರಡು ಬೇರೆ ಬೇರೆ ವಸ್ತು.

ಒಂದು ವಿ-ಸ್ಕಸಿ. ಇಲ್ಲಿ ಸ್ಟೋರೇಜ್‌ನ ಲನ್ (ಸ್ಟೋರೇಜ್ ಕತ್ತರಿಸಿ ಕೊಡುವ ಡಿಸ್ಕ್) ವಿಐಒಎಸ್‌ಗೆ ಸೇರಿದ್ದು. ಅದನ್ನು ವಿಐಒಎಸ್ ನಿಮ್ಮ ಪಾರ್ಟಿಷನ್‌ಗೆ ಸಾದಾ ಸ್ಕಸಿ ಡಿಸ್ಕ್ ಅಂತ ತೋರಿಸುತ್ತದೆ. ಒಂದೇ ಡಿಸ್ಕ್‌ಗೆ ಹಲವು ದಾರಿ (ಪಾತ್) ನಿಭಾಯಿಸುವ, ಸ್ಟೋರೇಜ್ ಕಂಪನಿಯ ಮಲ್ಟಿಪಾತ್ ಡ್ರೈವರ್ ಇರಬೇಕಾದ್ದೂ ವಿಐಒಎಸ್‌ನಲ್ಲೇ. ಪ್ರತಿ ಹೊಸ ಲನ್‌ಗೂ ಅಲ್ಲಿ ಹೋಗಿ ಮ್ಯಾಪ್ ಮಾಡಬೇಕು.

ಇನ್ನೊಂದು ಎನ್‌ಪಿಐವಿ, ಅಂದರೆ ಒಂದೇ ಫೈಬರ್ ಪೋರ್ಟ್ ಅನ್ನು ಹಲವು ಪಾರ್ಟಿಷನ್ ಹಂಚಿಕೊಳ್ಳುವ ವರ್ಚುವಲ್ ಫೈಬರ್ ಕಾರ್ಡ್. ಇಲ್ಲಿ ನಿಮ್ಮ ಪಾರ್ಟಿಷನ್‌ಗೆ ತನ್ನದೇ ಡಬ್ಲ್ಯುಡಬ್ಲ್ಯುಪಿಎನ್ (ಫೈಬರ್ ಪೋರ್ಟ್‌ನ ವಿಳಾಸ) ಸಿಗುತ್ತದೆ. ಸ್ಯಾನ್ (ಸ್ಟೋರೇಜ್ ನೆಟ್‌ವರ್ಕ್) ಸ್ವಿಚ್‌ಗೆ ಅದು ಸ್ವತಂತ್ರ ಸರ್ವರ್ ಥರ ಕಾಣುತ್ತದೆ. ಲನ್ ನೇರ ನಿಮ್ಮ ಹೆಸರಿಗೇ ಬರುತ್ತದೆ, ಡ್ರೈವರ್ ನಿಮ್ಮ ಪಾರ್ಟಿಷನ್‌ನಲ್ಲೇ ಇರುತ್ತದೆ. ವಿಐಒಎಸ್ ಬರೀ ದಾರಿ ಬಿಟ್ಟುಕೊಡುವ ಕೆಲಸ ಮಾಡುತ್ತದೆ.

ಡೇಟಾಬೇಸ್‌ಗೆ ನಾನು ಕೊಡುವುದು ಎನ್‌ಪಿಐವಿ. ಬೂಟ್ ಡಿಸ್ಕ್‌ಗೆ ವಿ-ಸ್ಕಸಿ ಇಟ್ಟುಕೊಳ್ಳುವವರೂ ಇದ್ದಾರೆ. ಡ್ರೈವರ್ ಬದಲಿಸುವ ದಿನ ಎಐಎಕ್ಸ್ ಕೂತಿರುವ ರೂಟ್‌ವಿಜಿಗೆ ಕೈ ಹಾಕಬೇಕಾಗಿಲ್ಲ, ಅದೊಂದು ಆರಾಮ.

ಇನ್ನು ಫಿಸಿಕಲ್ ಕಾರ್ಡ್ ಯಾಕೆ ಬೇಡ ಅಂತೀನಿ? ಸ್ಲಾಟ್ ಲೆಕ್ಕ ಹಾಕಿ. ಹೀಗೆ ನೇರ ಕೊಡುವಾಗ ನಾಲ್ಕು ಪೋರ್ಟ್ ಇರುವ ಕಾರ್ಡ್ ಆದರೂ ಪೂರ್ತಿ ಒಂದೇ ಪಾರ್ಟಿಷನ್‌ಗೆ ಹೋಗುತ್ತದೆ, ಪೋರ್ಟ್ ಹಂಚಲು ಬರುವುದಿಲ್ಲ. ಆರು ಪಾರ್ಟಿಷನ್‌ಗೆ ಎರಡೆರಡು ಅಂದರೆ ಹನ್ನೆರಡು ಸ್ಲಾಟ್. ಎರಡು ವಿಐಒಎಸ್ ಇಟ್ಟರೆ ನಾಲ್ಕು ಕಾರ್ಡ್‌ನಲ್ಲಿ ಕೆಲಸ ಮುಗಿಯುತ್ತದೆ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಫಿಸಿಕಲ್ ಕಾರ್ಡ್ ಇರುವ ಪಾರ್ಟಿಷನ್ ಓಡುತ್ತಿರುವಾಗ ಅದನ್ನು ಬೇರೆ ಸರ್ವರ್‌ಗೆ ಸಾಗಿಸಲು ಆಗುವುದಿಲ್ಲ. ಹೀಗೆ ಓಡುತ್ತಿರುವಾಗಲೇ ಸಾಗಿಸುವ ಲೈವ್ ಪಾರ್ಟಿಷನ್ ಮೊಬಿಲಿಟಿಗೆ ಎಲ್ಲವೂ ವರ್ಚುವಲ್ ಆಗಿರಲೇಬೇಕು. ಫರ್ಮ್‌ವೇರ್ ಅಪ್‌ಡೇಟ್‌ಗೆ ಮಧ್ಯರಾತ್ರಿ ಡೌನ್‌ಟೈಮ್ ಕೇಳುವಾಗ ಡಿಬಿಎಗೆ ಇದು ಚೆನ್ನಾಗಿ ಅರ್ಥವಾಗುತ್ತದೆ.

ಮತ್ತೊಬ್ಬ ಸದಸ್ಯರು: ಸರ್, ನಮ್ಮಲ್ಲಿ ವಿ-ಸ್ಕಸಿ ಹಾಕಿದ ಮೇಲೆ ನಿಜವಾಗಿಯೂ ನಿಧಾನ ಆಯ್ತು. ಡೇಟಾ ಎಲ್ಲ ವಿಐಒಎಸ್ ಒಳಗೆ ಹೋಗಿ ಬರಬೇಕಲ್ವಾ?

ಉತ್ತರ: ಇಲ್ಲ. ಲನ್ ಅನ್ನೇ ಕೊಟ್ಟಿದ್ದರೆ ವಿಐಒಎಸ್ ಮೂಲಕ ಹೋಗುವುದು ಆಜ್ಞೆ ಮಾತ್ರ. ಡೇಟಾ ಕಾರ್ಡ್‌ನಿಂದ ನೇರ ನಿಮ್ಮ ಪಾರ್ಟಿಷನ್‌ನ ಮೆಮೊರಿಗೆ ಬೀಳುತ್ತದೆ. ನಿಧಾನಕ್ಕೆ ಕಾರಣ ಬಹುಪಾಲು ಬೇರೆ ಇರುತ್ತದೆ. ವಿ-ಸ್ಕಸಿ ಡಿಸ್ಕ್‌ನ ಕ್ಯೂ ಡೆಪ್ತ್, ಅಂದರೆ ಒಮ್ಮೆಗೆ ಡಿಸ್ಕ್‌ಗೆ ಕಳಿಸಬಹುದಾದ ಕಮಾಂಡ್‌ಗಳ ಸಂಖ್ಯೆ, ತಾನಾಗಿ ಬರುವುದು 3. ಅದನ್ನು ಹಾಗೇ ಬಿಟ್ಟು ಮೇಲೆ ಡೇಟಾಬೇಸ್ ಓಡಿಸಿದರೆ ಕಾಯುವುದೇ ಆಗುತ್ತದೆ.

ಹಾಗಂತ ಸುಮ್ನೆ ಏರಿಸುವ ಹಾಗೂ ಇಲ್ಲ. ಒಂದು ವಿ-ಸ್ಕಸಿ ಅಡಾಪ್ಟರ್‌ಗೆ 512 ಕಮಾಂಡ್ ಜಾಗ. 2 ಅದರ ಸ್ವಂತಕ್ಕೆ. ಉಳಿದ 510ರಲ್ಲಿ ಪ್ರತಿ ಡಿಸ್ಕ್‌ಗೆ ಅದರ ಕ್ಯೂ ಡೆಪ್ತ್ ಜೊತೆ ಇನ್ನೂ 3 ಬೇಕು. ಡೆಪ್ತ್ 3 ಇದ್ದರೆ 85 ಡಿಸ್ಕ್ ಹಿಡಿಸುತ್ತದೆ, 20 ಮಾಡಿದರೆ 22 ಮಾತ್ರ. ಜಾಸ್ತಿ ಬೇಕೆಂದರೆ ಇನ್ನೊಂದು ಅಡಾಪ್ಟರ್ ಸೇರಿಸಿ. ವಿಐಒಎಸ್‌ನಲ್ಲಿರುವ ಡಿಸ್ಕ್‌ನ ಡೆಪ್ತ್‌ಗಿಂತ ಈಚೆ ಹೆಚ್ಚಿಟ್ಟರೆ ಪ್ರಯೋಜನ ಇಲ್ಲ. ಆಮೇಲೆ ವಿಐಒಎಸ್‌ಗೆ ಸಿಪಿಯು ಕೊಟ್ಟಿದ್ದೀರಾ ನೋಡಿ. ಎಲ್ಲರಿಗೂ ಬಡಿಸಿ ಉಳಿದದ್ದನ್ನು ಅದಕ್ಕೆ ಹಾಕುವ ಅಭ್ಯಾಸ ಎಷ್ಟೋ ಕಡೆ ಇದೆ. ಅದನ್ನು ಅನ್‌ಕ್ಯಾಪ್ಡ್ (ಖಾಲಿ ಇರುವ ಸಿಪಿಯುವನ್ನೂ ಬಳಸುವ ಹಾಗೆ) ಮಾಡಿ, ವೆಯ್ಟ್ (ಆದ್ಯತೆ) ಬೇರೆಯವರಿಗಿಂತ ಹೆಚ್ಚಿಡಿ.

ಪ್ರಶ್ನೆ ಕೇಳಿದವರು: ಎನ್‌ಪಿಐವಿ ಹಾಕಿದರೆ ಎಲ್ಲಿ ಎಡವುತ್ತೇವೆ?

ಉತ್ತರ: ಮೂರು ಕಡೆ ನಾನೇ ನೋಡಿದ್ದೇನೆ.

ಪ್ರತಿ ವರ್ಚುವಲ್ ಫೈಬರ್ ಅಡಾಪ್ಟರ್‌ಗೆ ಡಬ್ಲ್ಯುಡಬ್ಲ್ಯುಪಿಎನ್ ಜೋಡಿಯಾಗಿ ಬರುತ್ತದೆ. ಎರಡನೆಯದು ಪಾರ್ಟಿಷನ್ ಸಾಗಿಸುವಾಗ ಮಾತ್ರ ಬಳಕೆಗೆ ಬರುವುದು. ಹಾಗಾಗಿ ಸ್ವಿಚ್‌ನಲ್ಲಿ ಅದು ಕಾಣುವುದೇ ಇಲ್ಲ. ಕಾಣದ್ದನ್ನು ಸ್ಯಾನ್‌ನವರು ಜೋನ್ ಮಾಡುವುದಿಲ್ಲ, ಅಂದರೆ ಸ್ವಿಚ್‌ನಲ್ಲಿ ಸ್ಟೋರೇಜ್ ತಲುಪಲು ಅನುಮತಿ ಕೊಡುವುದಿಲ್ಲ. ಸಾಗಿಸುವ ದಿನ ಆ ಕೆಲಸ ಅಲ್ಲೇ ನಿಂತುಹೋಗುತ್ತದೆ. ಎರಡನ್ನೂ ಜೋನ್ ಮಾಡಿಸಿ, ಲನ್ ಎರಡಕ್ಕೂ ಕೊಡಿಸಿ. ಕಂಡೇ ಮಾಡ್ತೀವಿ ಅಂತ ಅವರು ಹಟ ಹಿಡಿದರೆ ಎಚ್‌ಎಂಸಿಯಿಂದ (ಪವರ್ ಸರ್ವರ್ ನಿರ್ವಹಿಸುವ ಕನ್ಸೋಲ್) ಸಿಎಚ್‌ಎನ್‌ಪೋರ್ಟ್‌ಲಾಗಿನ್ ಕಮಾಂಡ್ ಕೊಟ್ಟು ಲಾಗಿನ್ ಮಾಡಿಸಿ ತೋರಿಸಿ.

ಮ್ಯಾಕ್ಸ್ ಟ್ರಾನ್ಸ್‌ಫರ್ ಸೈಜ್ (ಒಮ್ಮೆಗೆ ಸಾಗಿಸಬಹುದಾದ ಡೇಟಾದ ಗರಿಷ್ಠ ಗಾತ್ರ) ಎರಡನೆಯದು. ಪಾರ್ಟಿಷನ್‌ನಲ್ಲಿ ಏರಿಸಿ, ವಿಐಒಎಸ್‌ನ ಕಾರ್ಡ್‌ನಲ್ಲಿ ಏರಿಸುವುದು ಮರೆತರೆ ಅಡಾಪ್ಟರ್ ಕಾನ್ಫಿಗರ್ ಆಗುವುದಿಲ್ಲ. ಅದರಲ್ಲೇ ಬೂಟ್ ಡಿಸ್ಕ್ ಇದ್ದರೆ ಮಷಿನ್ ಏಳದೆಯೂ ಹೋಗಬಹುದು. ಮೊದಲು ವಿಐಒಎಸ್, ಆಮೇಲೆ ಪಾರ್ಟಿಷನ್.

ಮೂರನೆಯದು ನನ್ನ ಬೆವರಿಳಿಸಿದ್ದು. ಇದು ವಿ-ಸ್ಕಸಿ ಡಿಸ್ಕ್‌ನ ಕಥೆ, ಆದರೆ ಬೂಟ್‌ಗೆ ನೀವು ಅದನ್ನೇ ಇಟ್ಟರೆ ಬೇಕಾಗುತ್ತದೆ. ಒಂದನೇ ವಿಐಒಎಸ್ ಅಪ್‌ಡೇಟ್ ಮಾಡಿ ರೀಬೂಟ್ ಮಾಡಿದೆ. ಎದ್ದು ನಿಂತಿತು, ಎಲ್ಲ ಸರಿ ಅಂದುಕೊಂಡೆ. ಎರಡನೆಯದನ್ನು ರೀಬೂಟ್ ಮಾಡಿದೆ. ಎಲ್ಲ ಪಾರ್ಟಿಷನ್‌ಗಳೂ ಒಟ್ಟಿಗೆ ನಿಂತವು. ಡಿಸ್ಕ್‌ನ ಹೆಲ್ತ್ ಚೆಕ್ ಇಂಟರ್ವಲ್ 0 ಇತ್ತು, ಅದು ತಾನಾಗಿ ಬರುವ ಬೆಲೆ. ಒಮ್ಮೆ ಬಿದ್ದ ಪಾತ್ ವಾಪಸ್ ಬಂದಿದೆಯಾ ಅಂತ ಯಾರೂ ತಿರುಗಿ ನೋಡಿರಲಿಲ್ಲ. ಈಗ ಅದನ್ನು 60 ಸೆಕೆಂಡ್ ಇಡುತ್ತೇನೆ. ಎರಡನೇ ವಿಐಒಎಸ್ ಮುಟ್ಟುವ ಮೊದಲು ಪ್ರತಿ ಪಾರ್ಟಿಷನ್‌ನಲ್ಲೂ ಎಲ್‌ಎಸ್‌ಪಾತ್ ಕೊಟ್ಟು ಎಲ್ಲವೂ ಎನೇಬಲ್ಡ್ ಅಂತ ಕಣ್ಣಾರೆ ನೋಡುತ್ತೇನೆ.

ಮತ್ತೊಬ್ಬ ಸದಸ್ಯರು: ಹಾಗಾದ್ರೆ ಫಿಸಿಕಲ್ ಕಾರ್ಡ್ ಯಾರಿಗೂ ಬೇಡ್ವಾ?

ಉತ್ತರ: ವಿಐಒಎಸ್‌ಗೇ ಬೇಕಲ್ಲ! ತಮಾಷೆ ಬಿಡಿ. ಟೇಪ್‌ಗೆ ದಿನವಿಡೀ ಬರೆಯುವ ಬ್ಯಾಕಪ್ ಸರ್ವರ್ ಇದ್ದರೆ ಅದಕ್ಕೆ ನೇರ ಕಾರ್ಡ್ ಕೊಡಬಹುದು. ಟೇಪ್ ಲೈಬ್ರರಿ ಎನ್‌ಪಿಐವಿಯಲ್ಲೂ ನಡೆಯುತ್ತದೆ, ಆದರೆ ಡಿಸ್ಕ್ ಮತ್ತು ಟೇಪ್ ಒಂದೇ ಪೋರ್ಟ್‌ನಲ್ಲಿ ಬೆರೆಸಬೇಡಿ. ಇಡೀ ಸರ್ವರ್‌ನಲ್ಲಿ ಒಂದೇ ದೊಡ್ಡ ಪಾರ್ಟಿಷನ್ ಇದ್ದರೂ ವಿಐಒಎಸ್ ಕಟ್ಟಿಕೊಂಡು ಒದ್ದಾಡುವ ಅಗತ್ಯ ಇಲ್ಲ.

ಪ್ರಶ್ನೆ ಕೇಳಿದವರು: ಸರ್, ಟೆಸ್ಟ್ ಪಾರ್ಟಿಷನ್ ನೋಡಿದೆ. ಎಫ್‌ಸಿಎಸ್0 ಕೋಡ್‌ನಲ್ಲಿ ವಿ ಇದೆ, ಫೈಬರ್ ಕಾರ್ಡೇ ವರ್ಚುವಲ್ ಅಂದ್ರೆ ಎನ್‌ಪಿಐವಿ. ಆಮೇಲೆ ವಿಐಒಎಸ್‌ನಲ್ಲಿ ಎಲ್‌ಎಸ್‌ಮ್ಯಾಪ್ ಕೊಟ್ಟೆ. ಅದರ ಎರಡು ವರ್ಚುವಲ್ ಅಡಾಪ್ಟರ್‌ಗಳೂ ಒಂದೇ ಫಿಸಿಕಲ್ ಪೋರ್ಟ್‌ಗೆ ಮ್ಯಾಪ್ ಆಗಿವೆ!

ಉತ್ತರ: ಅಂದರೆ ಆ ಕೇಬಲ್ ಕಿತ್ತರೆ ಎರಡೂ ಹೋದವು. ಪಕ್ಕದ ಪೋರ್ಟ್ ಬೇರೆ ಫ್ಯಾಬ್ರಿಕ್‌ನದ್ದಾದರೆ (ಬೇರೆ ಸ್ಯಾನ್ ಸ್ವಿಚ್‌ಗಳ ಜಾಲ) ಮೊದಲು ಅಲ್ಲಿ ಜೋನಿಂಗ್ ಮಾಡಿಸಿ. ಆಮೇಲೆ ಒಂದನ್ನು ಮಾತ್ರ ವಿಎಫ್‌ಸಿಮ್ಯಾಪ್‌ನಿಂದ ಅಲ್ಲಿಗೆ ಬದಲಿಸಿ. ಆಗ ಇನ್ನೊಂದು ಪಾತ್ ಓಡುತ್ತಿರಬೇಕು. ಡಿಬಿಎಗೆ ಇದು ಮುಗಿದ ಮೇಲೆ ಹೇಳಿ.