ಬಾಯ್ಸಿಗೆ ಕುಟುಂಬಸಮೇತ ಸ್ಥಳಾಂತರ: ಸ್ಕೀ ಬೆಟ್ಟದ ಹತ್ತಿರವೇ ಮನೆ ಹಿಡಿಯಬೇಕೇ?

ಪ್ರಶ್ನೆ: ಮಲೆನಾಡಿನವಳು

ಎಲ್ಲರಿಗೂ ನಮಸ್ಕಾರ. ನಾವು ಸದ್ಯ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿದ್ದೇವೆ. ಮೆಮೊರಿ ಚಿಪ್ ವಿನ್ಯಾಸದ ಕೆಲಸದಲ್ಲಿರುವ ನಮ್ಮ ಯಜಮಾನರಿಗೆ ಐಡಹೊ ರಾಜ್ಯದ ಬಾಯ್ಸಿಯಲ್ಲಿರುವ ಮೈಕ್ರಾನ್ ಕಂಪನಿಯಿಂದ ಕರೆ ಬಂದಿದೆ. ಮಕ್ಕಳಿಗೆ ಒಂಬತ್ತು ಮತ್ತು ಐದು ವರ್ಷ. ಟಾಹೊ ಸರೋವರದ ಬಳಿ ಒಮ್ಮೆ ಹಿಮದ ಮೇಲೆ ಜಾರಿದಾಗಿನಿಂದ ದೊಡ್ಡವಳಿಗೆ ಸ್ಕೀಯಿಂಗ್ ಹುಚ್ಚು. ಬಾಯ್ಸಿ ನಗರದಿಂದ ಕೇವಲ 16 ಮೈಲಿ ದೂರದಲ್ಲಿ ಬೋಗಸ್ ಬೇಸಿನ್ ಎಂಬ ಸ್ಕೀ ತಾಣವಿದೆಯೆಂದು ತಿಳಿದ ಮೇಲಂತೂ ಅವಳ ಪಾಲಿಗೆ ಊರು ಬಿಡುವುದು ನಿಶ್ಚಯವಾಗಿಹೋಗಿದೆ. ನಮಗೆ ಮಾತ್ರ ಅಷ್ಟು ಸುಲಭವಾಗಿಲ್ಲ. ಯಜಮಾನರು ಎಚ್1ಬಿ ಎಂಬ ಕೆಲಸದ ವೀಸಾದಲ್ಲಿದ್ದು, ಗ್ರೀನ್ ಕಾರ್ಡಿಗಾಗಿ ಕಂಪನಿ ಸಲ್ಲಿಸುವ ಐ-140 ಅರ್ಜಿ ಅನುಮೋದನೆಯಾಗಿದೆ; ನಾನು ಎಚ್4 ಎಂಬ ಅವಲಂಬಿತರ ವೀಸಾ ಆಧಾರದ ಕೆಲಸದ ಪರವಾನಗಿಯ ಮೇಲೆ ದುಡಿಯುತ್ತಿದ್ದೇನೆ. ಅತ್ತೆ ಮಾವ ವರ್ಷಕ್ಕೊಮ್ಮೆ ಶಿವಮೊಗ್ಗದಿಂದ ಬಂದು ಕೆಲವು ತಿಂಗಳು ನಮ್ಮೊಂದಿಗೆ ಇರುತ್ತಾರೆ. ಬೆಟ್ಟದ ಬುಡದಲ್ಲೇ ಮನೆ ಹಿಡಿಯುವುದು ಒಳ್ಳೆಯದೇ, ಅಥವಾ ಹೆಚ್ಚಿನವರು ಹೇಳುವಂತೆ ಪಕ್ಕದ ಊರಾದ ಮೆರಿಡಿಯನ್ ಕಡೆ ಹೋಗಬೇಕೇ? ಅಲ್ಲಿ ವಾಸವಿರುವವರು ದಯವಿಟ್ಟು ತಿಳಿಸಿ.

ಉತ್ತರ: ಕಣಿವೆವಾಸಿ

ನಮಸ್ಕಾರ ಅಕ್ಕ. ನಕ್ಷೆಯಲ್ಲಿ ಕಾಣುವ 16 ಮೈಲಿಯನ್ನು ನಂಬಿ ಮನೆ ಹಿಡಿಯಬೇಡಿ. ಆ ರಸ್ತೆ ಬಾಯ್ಸಿಯ ಉತ್ತರ ತುದಿಯಿಂದ ಹೊರಟು ಉದ್ದಕ್ಕೂ ತಿರುವುಗಳಲ್ಲಿ ಏರುತ್ತದೆ. ಊರಿನಿಂದಲೇ ಸುಮಾರು ಮುಕ್ಕಾಲು ಗಂಟೆ ಹಿಡಿಯುವ ದಾರಿ, ಪಶ್ಚಿಮಕ್ಕಿರುವ ಮೆರಿಡಿಯನ್ನಿನಿಂದ ಹೊರಟರೆ ಗಂಟೆ ಮೀರುತ್ತದೆ. ಮೈಕ್ರಾನ್ ಇರುವುದು ನಗರದ ಆಗ್ನೇಯ ಅಂಚಿನಲ್ಲಿ. ಹೊಸ ಮನೆಗಳೂ ವೆಸ್ಟ್ ಏಡಾ ಶಾಲಾ ಜಿಲ್ಲೆಯೂ ಇವೆಯೆಂದು ನಮ್ಮವರಲ್ಲಿ ಬಹಳಷ್ಟು ಮಂದಿ ಮೆರಿಡಿಯನ್ನನ್ನೇ ಆರಿಸುತ್ತಾರೆ, ಅದರಲ್ಲಿ ತಪ್ಪೇನಿಲ್ಲ. ಆದರೆ ಆಗ ಯಜಮಾನರ ಕಚೇರಿ ಒಂದು ದಿಕ್ಕಿಗೆ, ಮಗಳ ಬೆಟ್ಟ ಇನ್ನೊಂದು ದಿಕ್ಕಿಗೆ ಆಗುತ್ತದೆ. ನನ್ನನ್ನು ಕೇಳಿದರೆ ಮೊದಲ ವರ್ಷ ಬಾಯ್ಸಿಯ ಆಗ್ನೇಯ ಭಾಗದಲ್ಲಿ ಬಾಡಿಗೆಗಿದ್ದು, ಒಂದು ಚಳಿಗಾಲವನ್ನು ನೋಡಿಯೇ ಮುಂದಿನದನ್ನು ಯೋಚಿಸುವುದು ಮೇಲು.

ಚಳಿಗಾಲದ ಬಗ್ಗೆ ಒಂದು ಮಾತು ಹೇಳಲೇಬೇಕು. ನಗರ ಇರುವುದು ಸುಮಾರು 2,700 ಅಡಿ ಎತ್ತರದಲ್ಲಿ. ಬೆಟ್ಟದ ನೆತ್ತಿಯಾದ ಶೇಫರ್ ಬ್ಯೂಟ್ 7,500 ಅಡಿಗೂ ಮಿಕ್ಕಿದ್ದು. ಡಿಸೆಂಬರ್, ಜನವರಿಗಳಲ್ಲಿ ತಣ್ಣನೆಯ ಭಾರವಾದ ಗಾಳಿ ಕಣಿವೆಯ ತಳದಲ್ಲಿ ಕುಳಿತುಬಿಟ್ಟು, ಅದರ ಮೇಲೆ ಬೆಚ್ಚಗಿನ ಗಾಳಿ ಮುಚ್ಚಳ ಹಾಕಿದಂತಾಗುವುದರಿಂದ, ಹೊಗೆ ಮಂಜುಗಳೆಲ್ಲ ಕೆಳಗೇ ಸಿಕ್ಕಿಕೊಂಡು ಕೆಲವೊಮ್ಮೆ ದಿನಗಟ್ಟಲೆ ಸೂರ್ಯನ ಮುಖವೇ ಕಾಣುವುದಿಲ್ಲ. ಅಂಥ ದಿನಗಳಲ್ಲಿ ಬೆಟ್ಟದ ರಸ್ತೆ ಹತ್ತಿದರೆ ಯಾವುದೋ ಒಂದು ತಿರುವಿನಲ್ಲಿ ಮಂಜು ಇದ್ದಕ್ಕಿದ್ದಂತೆ ಕಳಚಿ, ಮುಳ್ಳಯ್ಯನಗಿರಿಯ ಮುಂಜಾವಿನಂತೆ ಮೋಡಗಳೆಲ್ಲ ಕಾಲ ಕೆಳಗಾಗುತ್ತವೆ. ಸ್ಕೀ ಮಾಡಲು ಬಾರದ ನಾನು ಬಿಸಿಲಿಗಾಗಿಯೇ ಮೇಲೆ ಹೋಗುತ್ತೇನೆ.

ಬೋಗಸ್ ಬೇಸಿನ್ ನಡೆಸುತ್ತಿರುವುದು ಲಾಭದ ಉದ್ದೇಶವಿಲ್ಲದ ಸಂಸ್ಥೆ. ಇದು 1942ರಿಂದಲೂ ಊರಿನವರ ಬೆಟ್ಟವೇ. 1998ರಲ್ಲಿ 500 ಡಾಲರ್ ಆಸುಪಾಸಿನಲ್ಲಿದ್ದ ವಯಸ್ಕರ ಸೀಸನ್ ಪಾಸನ್ನು 199 ಡಾಲರಿಗೆ ಇಳಿಸಿ ಉಳಿದ ಸ್ಕೀ ತಾಣಗಳನ್ನೆಲ್ಲ ಚಕಿತಗೊಳಿಸಿದ್ದೂ ಇದೇ. ರಾತ್ರಿ ದೀಪದ ಬೆಳಕಿನಲ್ಲೂ ಲಿಫ್ಟುಗಳು ಓಡುವುದರಿಂದ ಮಗಳು ಶಾಲೆ ಮುಗಿಸಿಯೂ ಹೋಗಬಹುದು. ಶನಿವಾರ, ಭಾನುವಾರ ಮಾತ್ರ ವಾಹನ ನಿಲ್ಲಿಸುವ ಜಾಗ ಬೇಗ ತುಂಬುತ್ತದೆ. ಬೆಳೆಯುವ ಮಕ್ಕಳಿಗೆ ಸ್ಕೀ, ಬೂಟುಗಳನ್ನು ಕೊಳ್ಳದೆ ಇಡೀ ಸೀಸನ್ನಿಗೆ ಬಾಡಿಗೆಗೆ ಪಡೆಯಿರಿ. ಕಾರಿಗೆ ಚಳಿಗಾಲದ ಟೈರುಗಳನ್ನಂತೂ ತಪ್ಪಿಸಬೇಡಿ; ಮೊಳೆಯಿರುವ ಟೈರುಗಳಿಗೆ ಈ ರಾಜ್ಯದಲ್ಲಿ ಅಕ್ಟೋಬರ್ 1ರಿಂದ ಏಪ್ರಿಲ್ 30ರವರೆಗೆ ಅನುಮತಿಯಿದೆ.

ಉತ್ತರ: ಕಾಗದಪತ್ರ

ಸ್ಕೀ ಬೆಟ್ಟಕ್ಕಿಂತ ಮೊದಲು ಐ-140 ಕಡೆ ಗಮನ ಕೊಡಿ. ಅದು ಅನುಮೋದನೆಯಾಗಿ 180 ದಿನ ಕಳೆದಿದ್ದರೆ, ಹಳೆಯ ಕಂಪನಿ ಅದನ್ನು ಹಿಂತೆಗೆದುಕೊಂಡರೂ ಆ ಕಾರಣಕ್ಕಾಗಿಯೇ ಅನುಮೋದನೆ ರದ್ದಾಗುವುದಿಲ್ಲ. ಗ್ರೀನ್ ಕಾರ್ಡಿನ ಸರದಿಯಲ್ಲಿ ನಿಮ್ಮ ಜಾಗ ಗೊತ್ತುಮಾಡುವ ಆದ್ಯತಾ ದಿನಾಂಕವೂ ನಿಮ್ಮದಾಗಿಯೇ ಉಳಿಯುತ್ತದೆ. ಆದರೆ ಗ್ರೀನ್ ಕಾರ್ಡಿಗಾಗಿ ಹೊಸ ಕಂಪನಿ ಕಾರ್ಮಿಕ ಇಲಾಖೆಯ ಪ್ರಮಾಣಪತ್ರದಿಂದ ಹಿಡಿದು ಎಲ್ಲವನ್ನೂ ಹೊಸದಾಗಿ ಆರಂಭಿಸಬೇಕು. ಅದನ್ನು ಯಾವಾಗ ಆರಂಭಿಸುತ್ತಾರೆಂಬುದನ್ನು ಕೆಲಸ ಒಪ್ಪಿಕೊಳ್ಳುವ ಮುನ್ನವೇ ಬರವಣಿಗೆಯಲ್ಲಿ ಕೇಳಿಕೊಳ್ಳಿ. ಸೇರಿದ ಮೇಲೆ ಕೇಳುವವರಿಗೆ ಉತ್ತರ ಸಿಗುವುದು ನಿಧಾನ. ಆ ಪ್ರಮಾಣಪತ್ರ ಕೆಲಸದ ಸ್ಥಳಕ್ಕೆ ಅಂಟಿಕೊಂಡಿರುವುದರಿಂದ, ಒಂದು ವರ್ಷ ನೋಡಿ ಹಿಂತಿರುಗಿದರಾಯಿತು ಎಂಬ ಲೆಕ್ಕಾಚಾರ ಅಗ್ಗವಲ್ಲ. ನಿಮ್ಮ ಎಚ್4 ಪರವಾನಗಿ ಯಜಮಾನರ ಸ್ಥಿತಿಯನ್ನೇ ಅವಲಂಬಿಸಿದೆ. ಹಾಗಾಗಿ ಅವರದೂ ನಿಮ್ಮದೂ ಎರಡೂ ಅರ್ಜಿಗಳನ್ನು ಒಬ್ಬರೇ ವಕೀಲರಿಗೆ ತೋರಿಸಿ.

ಉತ್ತರ: ಹಿರಿಯರ ಕಡೆಯಿಂದ

ನನ್ನ ತಾಯಿ ತಂದೆಯೂ ಇಲ್ಲಿಗೆ ಬಂದುಹೋಗುತ್ತಾರೆ. ಅತ್ತೆ ಮಾವನವರನ್ನು ಏಪ್ರಿಲ್ ಕೊನೆಗೆ ಕರೆಸಿಕೊಂಡು ಜುಲೈ ಕೊನೆಯೊಳಗೆ ಕಳುಹಿಸುವುದು ಕ್ಷೇಮ. ಆಗಸ್ಟಿನಲ್ಲಿ ಸುತ್ತಲಿನ ಕಾಡ್ಗಿಚ್ಚಿನ ಹೊಗೆ ಕಣಿವೆಗೆ ಇಳಿದರೆ ಉಸಿರಾಟದ ತೊಂದರೆಯಿರುವವರು ಮನೆಯೊಳಗೇ ಇರಬೇಕಾಗುತ್ತದೆ. ಚಳಿಗಾಲದಲ್ಲಿ ಕಾಲುದಾರಿಯ ಮೇಲಿನ ಮಂಜುಗಡ್ಡೆ ಸ್ಕೀ ಇಳಿಜಾರಿಗಿಂತ ಅಪಾಯಕಾರಿ. ಬಾಯ್ಸಿಯಲ್ಲಿ ಹರೇ ಕೃಷ್ಣ ಮಂದಿರವಿದೆ. ಅಡುಗೆ ಸಾಮಾನಿಗೂ ಪರದಾಡಬೇಕಾಗಿಲ್ಲ. ಕ್ಯಾಲಿಫೋರ್ನಿಯಾದಂತಲ್ಲದೆ ಇಲ್ಲಿ ಅಕ್ಕಿ ಬೇಳೆಗೂ ಶೇ. 6ರಷ್ಟು ಮಾರಾಟ ತೆರಿಗೆ ಬೀಳುತ್ತದೆ. ಅದರ ಬಾಬ್ತು ಸ್ವಲ್ಪ ಹಣ ಆದಾಯ ತೆರಿಗೆಯ ಲೆಕ್ಕದಲ್ಲಿ ಹಿಂದಿರುಗುತ್ತದೆ, ಕೇಳಿ ಪಡೆದುಕೊಳ್ಳಿ.